ಸೊನ್ನೆ, ಅರಸೀಕೆರೆ

ಸೋಮವಾರ ಹನ್ನೊಂದರೊಳಗೆ ಸೊನ್ನೆಗಳು ಬಂದು ಸೇರಬೇಕು.
ಜಾವಗಲ್ಲಿನಿಂದ, ಬಾಣಾವರದಿಂದ, ಗಂಡಸಿಯಿಂದ,
ಕಣಕಟ್ಟೆ ಕಡೆಯಿಂದ ತುಸು ತಡವಾಗಿ;
ಅಲ್ಲಿ ಸಿಗ್ನಲ್ ಸಿಗಬೇಕಾದರೆ ಸಿಸ್ಟರು
ನೀರಿನ ಟ್ಯಾಂಕಿನ ಏಣಿ ಹತ್ತಬೇಕಂತೆ.

ಜ್ವರ ಸೊನ್ನೆ. ವಾಂತಿಭೇದಿ ಸೊನ್ನೆ. ಕಾಮಾಲೆ ಸೊನ್ನೆ.
ನಾಯಿ ಕಡಿತ ಮಾತ್ರ ಯಾವತ್ತೂ ಸೊನ್ನೆಯಾಗದು.

ಆಸ್ಪತ್ರೆಯ ಹಿಂದಿನ ಕೋಣೆ,
ಕೆಟ್ಟ ಎಕ್ಸ್‌ರೇ ಯಂತ್ರದ ಪಕ್ಕ ನನ್ನ ಕುರ್ಚಿ,
ಗುತ್ತಿಗೆಯ ಕುರ್ಚಿ, ಮಾರ್ಚಿಗೊಮ್ಮೆ ಅಲುಗಾಡುತ್ತದೆ.
ಸೇರಿದ ಹೊಸತರಲ್ಲಿ ಡಾಕ್ಟರನ್ನು ಕೇಳಿದ್ದೆ:
ಇಲ್ಲದ್ದನ್ನು ಯಾಕೆ ಸಾರ್ ಬರೆಯಬೇಕು?
'ಖಾಲಿ ಬಿಟ್ಟರೆ ಯಾರೂ ನೋಡಲಿಲ್ಲ ಅಂತ.
ಸೊನ್ನೆ ಅಂದರೆ ನೋಡಿದೆ, ಇರಲಿಲ್ಲ ಅಂತ.
ಎರಡಕ್ಕೂ ಅಜಗಜಾಂತರ ಕಣಮ್ಮ ನಗೀನಾ.'
ಆವತ್ತಿನಿಂದ ಸೊನ್ನೆಯ ಕೀಲಿಯನ್ನು
ಸ್ವಲ್ಪ ಒತ್ತಿಯೇ ಹೊಡೆಯುತ್ತೇನೆ.

ಏಪ್ರಿಲ್ಲಿನ ಮೂರನೇ ವಾರ
ಗುಡ್ಡದ ತಾಂಡದಿಂದ ಎಲ್ಲಕ್ಕಿಂತ ಮೊದಲು ಬಂತು ವರದಿ,
ಸಾಲಾಗಿ ಸೊನ್ನೆ, ಪೋಣಿಸಿದ ಹಾಗೆ.
ಪರದೆಯ ಮೇಲೆ ತಾಲ್ಲೂಕು ಹಸಿರಾಗಿತ್ತು.

ಮಧ್ಯಾಹ್ನ ತಲೆನೋವಿನ ಮಾತ್ರೆಗೆಂದು ಹೋದರೆ
ಸ್ಟೇಷನ್ ರಸ್ತೆಯ ಇನಾಯತ್ ಹೇಳಿದ:
'ಓಆರ್‌ಎಸ್ ಖಾಲಿ ಕಣಕ್ಕ, ಗುಡ್ಡದ ಕಡೆಯವರೇ ಒಯ್ದರು,
ಕಿತ್ತಳೆಯದ್ದೇ ಬೇಕಂತೆ.'
ಟೀ ಅಂಗಡಿಯಲ್ಲಿ ನೂರೆಂಟರ ಲೋಕಪ್ಪ,
ಕಣ್ಣು ಕೆಂಪು: 'ಮೂರು ರಾತ್ರಿ, ಅದೇ ಹುಣಸೆಮರದ ತಿರುವು.'
ಮೂವರನ್ನೂ ಹಾಸನಕ್ಕೆ ಇಳಿಸಿ ಬಂದಿದ್ದ.
ಅಲ್ಲಿ ವಿಳಾಸ ಕೇಳಿದ್ದಾರೆ. ಒಬ್ಬಳು
ಇಟ್ಟಿಗೆ ಗೂಡಿನ ತಿಪಟೂರು ಅಂದಿದ್ದಾಳೆ,
ಇನ್ನೊಬ್ಬ ಶುಂಠಿ ಹೊಲದ ಆಲೂರು,
ಮುದುಕನೊಬ್ಬನೇ ಊರಿನ ಹೆಸರು ಹೇಳಿದ್ದು.
ಒಂದೇ ಬೀದಿಯ ಹೊಟ್ಟೆ
ಮೂರು ತಾಲ್ಲೂಕಿಗೆ ಹಿಸ್ಸೆಯಾಗಿತ್ತು.

ಫೋನು ಮಾಡಿದೆ. ಎತ್ತಿದ್ದು ಹುಡುಗ.
'ಅಮ್ಮ ಮಲಗಿದ್ದಾರೆ. ಐದು ದಿನ ಆಯ್ತು.
ನೀರೂ ನಿಲ್ತಿಲ್ಲ ಹೊಟ್ಟೇಲಿ.
ವರದಿ ನಾನೇ ಕಳಿಸಿದೆ, ಹೋದ ವಾರದ್ದು ನೋಡ್ಕೊಂಡು.
ತಪ್ಪಾಯ್ತಾ ಅಕ್ಕ?'

ಹಾಸಿಗೆಯ ಪಕ್ಕ ಬಕೆಟ್ಟು, ಬಕೆಟ್ಟಿನ ಪಕ್ಕ ಮಗ,
ಮಗನ ಬೆರಳಲ್ಲಿ ವಾಂತಿಭೇದಿ ಸೊನ್ನೆ.
ಎಣಿಸುವ ಪುಟ್ಟಲಿಂಗಮ್ಮ ಸಿಸ್ಟರೇ
ಎಣಿಕೆಗೆ ಸಿಗದ ಮೊದಲನೆಯವರು.

ಜೀಪು ಹೋಯಿತು.
ಪುಟ್ಟ ಬಾಟಲಿಗಳಲ್ಲಿ ನಲ್ಲಿ ನೀರು ಹಿಡಿದಿಟ್ಟರು,
ಬೆಳಗಾಗುವಷ್ಟರಲ್ಲಿ ಐದರಲ್ಲಿ ನಾಲ್ಕು ಕಪ್ಪು.
ನೀರುಗಂಟಿ ಗಿಡ್ಡಯ್ಯ ಕರೆದೊಯ್ದು ತೋರಿಸಿದ,
ಚರಂಡಿಯೊಳಗೇ ಹಾದ ಪೈಪು,
ಬಿರುಕಿಗೆ ಸುತ್ತಿದ ಸೈಕಲ್ ಟ್ಯೂಬು.
'ಹೋದ ವರ್ಷವೇ ಹೇಳಿದ್ದೆ' ಅಂದ.
ಹೇಳಿದ್ದನ್ನು ತುಂಬಲು ನನ್ನಲ್ಲಿ ಕಾಲಮ್ಮಿಲ್ಲ.

ನಲವತ್ತೊಂದು ಜನ.
ಸೋಮ್ಲಿಬಾಯಿ, ದುದ್ದ ದಾಟುವ ಮುನ್ನ, ಆಂಬುಲೆನ್ಸಿನಲ್ಲೇ.
ಕೊನೆಯ ಕಾಲಮ್ಮಿನಲ್ಲಿ, ಕೈಬರಹದ ರಿಜಿಸ್ಟರಿನಲ್ಲಿ,
ನಮ್ಮ ಅಂಕಿಯಲ್ಲೇ ಬರೆದೆ: ೧.
ನೋಡಿದ್ದೀರಾ ಅದನ್ನು ಸರಿಯಾಗಿ?
ಕೂಡಿಕೊಳ್ಳದ ಸೊನ್ನೆ,
ಕೆಳಗೆ ಬಾಯಿ ಬಿಟ್ಟುಕೊಂಡು.

ಜೂನಿನಲ್ಲಿ ಗುಡ್ಡದಿಂದ ಮತ್ತೆ ಸೊನ್ನೆ ಬಂತು.
ಜೊತೆಗೊಂದು ಧ್ವನಿ, ಸೊರಗಿದ್ದು, ಏದುಸಿರಿನದು:
'ಮನೆಮನೆ ಹತ್ತಿಳಿದು ಕೇಳಿಯೇ ಕಳಿಸ್ತಿದ್ದೀನಿ ಕಣೆ.
ಬ್ಲೀಚಿಂಗ್ ವಾಸನೆಗೆ ಬೈತಾರೆ. ಬೈಲಿ.'
ಎರಡು ಸಲ ಕೇಳಿಸಿಕೊಂಡೆ.
ಪರದೆಯ ಹಸಿರು ಮೊದಲಿನದೇ.

ಈಗ ಸೋಮವಾರ ಬರುವ ದಾರಿಯಲ್ಲಿ
ಇನಾಯತ್ ಅಂಗಡಿ ಮುಂದೆ ಗಾಡಿ ನಿಧಾನಿಸುತ್ತೇನೆ.
ಕೇಳುವುದಿಲ್ಲ. ಅವನೇ ಕಪಾಟಿನತ್ತ ತಿರುಗಿ,
ಕಿತ್ತಳೆ ಪಾಕೀಟಿನ ಕಟ್ಟು ನೋಡಿ,
ಹೆಬ್ಬೆರಳು ತೋರುಬೆರಳು ಕೂಡಿಸಿ ಎತ್ತಿ ತೋರಿಸುತ್ತಾನೆ.
ಒಂದೊಂದು ದಿನ
ಬೆರಳು ಪೂರ್ತಿ ಕೂಡಿಲ್ಲವೇನೋ ಅನ್ನಿಸುತ್ತದೆ.
ಗಾಡಿಯಿಂದ ಇಳಿಯುತ್ತೇನೆ.