ನಾಲ್ಕು ನಿಮಿಷ

ಎಲ್ಡೊರೆಟ್‌ನಲ್ಲಿ ಕರೆಂಟು ಬಂದದ್ದು ರಾತ್ರಿ ಹನ್ನೊಂದಕ್ಕೆ.
ನೆಕೆಸಾ ಇಯರ್‌ಫೋನು ಸಿಕ್ಕಿಸಿದಳು,
ಎಡಗಿವಿಯದು ಎಂದೋ ಸತ್ತಿದೆ.
ಎರಡು ಪರೀಕ್ಷೆ ಡುಮ್ಕಿ; ಇದು ಮೂರನೆಯದು.
ನಾಲ್ಕು ನಿಮಿಷದ ಧ್ವನಿ,
ಕೂಲಿ ಒಂದು ಪಾವು ಸಕ್ಕರೆಯಷ್ಟು.

ಯಾವುದೋ ದೇಶದ ಮುದುಕ
ವಿಮೆಯವರಿಗೆ ಹೇಳುತ್ತಿದ್ದಾನೆ
ಕಾರು ಹೇಗೆ ಜಾರಿತೆಂದು.
ನಿಯಮ: 'ಅಂ', 'ಆಂ' ತೆಗೆಯಬೇಕು.
ತೆಗೆದಳು, ಕಾಳಿನಲ್ಲಿ ಕಲ್ಲು ಆರಿಸಿದ ಹಾಗೆ,
ಹದಿನೇಳು.

ಆಮೇಲೆ ಹೆಂಡತಿಯ ಹೆಸರು ಬಂತು.
ಮಾತು ನಿಂತಿತು. ಒಂಬತ್ತು ಸೆಕೆಂಡು
ಬರೀ ಉಸಿರು, ಕುರ್ಚಿಯ ಕಿರುಗುಟ್ಟು.
ಹಿಂದಕ್ಕೋಡಿಸಿ ಕೇಳಿದಳು. ಮತ್ತೆ. ಮತ್ತೆ.
ಒಂದೇ ಕಿವಿಗೂ ಎಲ್ಲ ಸ್ಪಷ್ಟ.
ಆದರೂ ಕೈಪಿಡಿಯ ಪದವನ್ನೇ ಬೆರಳು ಒತ್ತಿತು:
'ಅಸ್ಪಷ್ಟ'.

ಬೆಳಿಗ್ಗೆ ಉತ್ತರ: ಪಾಸು.
ಕೆಳಗೊಂದು ಷರಾ,
ಹೆಸರಿನ ಮುಂದೆ ಒಂದು 'ಅಂ' ಉಳಿದಿದೆ.

ಗೊತ್ತು, ಎಂದಳು
ಚಹಾ ಸೋಸುತ್ತ.