ಹದಿನೇಳನೇ ಪ್ರಶ್ನೆ

ಟಾಕ್ವಾರೆಂಬೋ ದಾಟಿ ನಲವತ್ತು ಕಿಲೋಮೀಟರು.
ಜೀಪಿನ ಹಿಂದಿನ ಸೀಟಿನಲ್ಲಿ ನಾನು,
ತೊಡೆಯ ಮೇಲೆ ಟೈಪ್‌ರೈಟರು.
ಕೂಸನ್ನು ಹಿಡಿದಂತೆ ಹಿಡಿದಿದ್ದರೂ ಹೊಂಡಕ್ಕೊಮ್ಮೆ
ಅದರ ಗಂಟೆ ತಾನಾಗಿ ಟಿಣ್ ಎನ್ನುತ್ತಿತ್ತು.
ಮುಂದೆ ಕ್ಯಾಪ್ಟನ್ ಬೆಂತಾಂಕೋರ್.
ದಿಕ್ಸೂಚಿ, ಅಳತೆಪಟ್ಟಿ,
ಮಣ್ಣು ತುಂಬಲು ಆರು ಗಾಜಿನ ಸೀಸೆ,
ವಾಯುಪಡೆಯ ಹೊಸ ನಮೂನೆ: ಇಪ್ಪತ್ತೆರಡು ಪ್ರಶ್ನೆ.

ಎಪ್ಪತ್ತೊಂಬತ್ತರ ಜುಲೈ.
ಹುಲ್ಲಿನ ಮೇಲೆ ಇಬ್ಬನಿ ಗಾಜಾಗಿ ಕೂತಿತ್ತು.
ಕುರಿಗಳೆಲ್ಲ ಒಟ್ಟಿಗೆ ತಿರುಗಿ ನೋಡಿದವು.
ಮನುಷ್ಯರು ಮಾತ್ರ ಒಬ್ಬರೂ ಹೊರಗೆ ಬರಲಿಲ್ಲ.
ನಮ್ಮ ಜೀಪಿನ ಬಣ್ಣ ಅವರಿಗೆ ಗೊತ್ತು.

ಬಾಗಿಲು ತೆರೆದವಳು ಎದುವೀಹೆಸ್ ಲಾರೋಸಾ,
ಉಣ್ಣೆ ಕತ್ತರಿಸುವ ಆಳುಗಳಿಗೆ ಅಡುಗೆಯವಳು.
ಕೈ ಒರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಇದ್ದಳು.
ಕ್ಯಾಪ್ಟನ್ ಟೋಪಿ ತೆಗೆದ;
ಅದಕ್ಕೆ ಅವಳು ಇನ್ನಷ್ಟು ಹೆದರಿದಳು.
"ಬೆಳಕಿನ ವಿಷಯ ಕೇಳಲು ಬಂದೆವು, ಅಷ್ಟೇ."
"ಯಾವ ಬೆಳಕು?"
"ಆಕಾಶದ್ದು."
ಆಗ ಉಸಿರು ಬಿಟ್ಟಳು. ಸೋರೆಬುರುಡೆಗೆ ಮಾಟೆ ಸೊಪ್ಪು ತುಂಬಿ
ಬಿಸಿನೀರು ಹೊಯ್ದು ಕೊಟ್ಟಳು.

ಆಕಾರ?
"ನಾದಿ ಮುಚ್ಚಿಟ್ಟ ಹಿಟ್ಟಿನ ಹಾಗೆ. ಒಳಗಿನಿಂದ ಉಬ್ಬುತ್ತಿತ್ತು."
ಗೋಳ, ಎಂದು ಕುಟ್ಟಿದೆ.
ಬಣ್ಣ?
"ಕೆಂಡದ್ದು. ಊದಿದ ಮೇಲಿನ ಕೆಂಡ."
ಕಿತ್ತಳೆ.
ತೋಳು ಚಾಚಿ ಹಿಡಿದ ನಾಣ್ಯಕ್ಕಿಂತ ದೊಡ್ಡದೋ, ಚಿಕ್ಕದೋ?
"ತೋಳು ಯಾಕೆ ಚಾಚಲಿ? ಮುಖ ಮುಚ್ಚಿಕೊಂಡಿದ್ದೆ."
ಅಂದಾಜು ದೊರೆತಿಲ್ಲ.
ಸದ್ದು?
"ನಾಯಿ ಬೊಗಳಲಿಲ್ಲ."
ಸದ್ದು ಇಲ್ಲ, ಎಂದು ಕುಟ್ಟಿದ್ದೆ. ಕ್ಯಾಪ್ಟನ್ ಬಗ್ಗಿ ನೋಡಿ
"ನಾಯಿಯದೂ ಹಾಕು" ಎಂದ.
ಅಷ್ಟು ಎಚ್ಚರದ ಮನುಷ್ಯ ಅವನು. ಅದನ್ನು ಹೇಳಲೇಬೇಕು.

ಹದಿನೇಳು:
ಮರೆಯಾದದ್ದು ಯಾವ ದಿಕ್ಕಿಗೆ? ಕೊನೆಯ ಬಾರಿ ಕಂಡದ್ದು ಎಲ್ಲಿ?

"ಪಶ್ಚಿಮಕ್ಕೆ. ನೀಲಗಿರಿ ಮರಗಳ ಸಾಲಿನಾಚೆ.
ದೀಪ ಆರಿಸಿಕೊಂಡೇ ಹೋದರು.
ಗೇಟಿನವರೆಗೂ ಬರಿಗಾಲಲ್ಲಿ ಓಡಿದೆ.
ಅವನು ಒಮ್ಮೆ ತಿರುಗಿ ನೋಡಿದ."

ನೀರಿನ ಪಾತ್ರೆ ಒಲೆಯ ಮೇಲೆ ಗುರ್ ಎನ್ನುತ್ತಿತ್ತು.

"ಯಾರು?" ಎಂದ ಕ್ಯಾಪ್ಟನ್.
ಅದು ನಮೂನೆಯಲ್ಲಿರಲಿಲ್ಲ.

"ಎಲ್ಬಿಯೋ. ನನ್ನ ತಮ್ಮ. ನಾಲ್ಕು ವರ್ಷವಾಯಿತು.
ಸದ್ದು ಇತ್ತು, ಡೀಸೆಲ್ಲಿನದು. ನಾಯಿ ಬೊಗಳಿತು,
ಅದಕ್ಕೂ ಒಂದು ಗುಂಡು.
ನೀಲಿ ಸ್ವೆಟರು, ನಾನು ಹೆಣೆದದ್ದು.
ನೂಲು ಸಾಲದೆ ಎಡ ಮೊಣಕೈ ಹತ್ತಿರ ಬೇರೆ ನೀಲಿ.
ಇಷ್ಟು ವಿವರವಾಗಿ ಯಾರೂ ಕೇಳಿರಲಿಲ್ಲ ಸ್ವಾಮಿ,
ಬರೆದುಕೊಳ್ಳಿ."

ಕ್ಯಾಪ್ಟನ್ ತನ್ನ ಟೋಪಿಯ ಒಳಗನ್ನು ನೋಡಿದ,
ಅಲ್ಲೇನೋ ಬಿದ್ದಿದೆ ಎಂಬಂತೆ.
ಆಮೇಲೆ ಗಂಟಲು ಸರಿಮಾಡಿಕೊಂಡು
"ಹದಿನೆಂಟು" ಎಂದ.

ಹೊತ್ತು ಮುಳುಗುವವರೆಗೂ ಅಳೆದೆವು.
ಸುಟ್ಟ ಹುಲ್ಲಿನ ಚಕ್ರ: ಒಂಬತ್ತು ಮೀಟರು ನಲವತ್ತು.
ಆರೂ ಸೀಸೆಗೆ ಮಣ್ಣು, ಚೀಟಿ, ಮೇಣದ ಮುದ್ರೆ.
ಅವಳು ಗೇಟಿನ ಬಳಿ ನಿಂತು
ನಮ್ಮ ಹಿಂದಿನ ದೀಪ ಉರಿಯುತ್ತಿದೆಯೇ ಎಂದು ನೋಡುತ್ತಿದ್ದಳು.

ಮೊಂತೆವಿದೇಯೋದಲ್ಲಿ ಕ್ಯಾಪ್ಟನ್ ಹಾಳೆ ತಿರುವಿದ.
ಮೂರನೆಯದರಲ್ಲಿ ತಡೆದ.
ನನ್ನ ಬೆರಳು ನಿಂತಿತ್ತು ಎಂದೇ ನಾನು ನಂಬಿದ್ದೆ;
ನಿಂತಿರಲಿಲ್ಲ.
ಬೈಯಲಿಲ್ಲ ಅವನು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ
ಒಲೆಗೆ ಹಾಕಿ, ಬೇರೆ ಹೊಡೆಸಿದ.
ಕೈ ನಡುಗುತ್ತಿತ್ತು; ಚಳಿಯಿತ್ತು, ನಿಜ.

ಅಕ್ಟೋಬರಿನಲ್ಲಿ ಪ್ರಯೋಗಾಲಯದ ಉತ್ತರ:
ಐದು ಸೀಸೆಯಲ್ಲಿ ಬರೀ ಮಣ್ಣು, ಆರನೆಯದರಲ್ಲಿ ಅಣಬೆಯ ಬೇರು.
ಕಡತದ ಮೇಲೆ ಠಸ್ಸೆ: ಗುರುತಿಸಲಾಗಿಲ್ಲ.

ಕಾರ್ಬನ್ ಹಾಳೆಯನ್ನು ಯಾರೂ ಕೇಳಲಿಲ್ಲ.
ಈಗಲೂ ನನ್ನ ಬಳಿಯಿದೆ, ಬೂಟಿನ ಡಬ್ಬಿಯಲ್ಲಿ.
ಬಲ್ಬಿಗೆ ಹಿಡಿದರೆ ಇಡೀ ಹಾಳೆ ಇರುಳು,
ಕೀಲಿ ಬಡಿದಲ್ಲಿ ಮಾತ್ರ ಬೆಳಕು ತೂರಿ ಬರುತ್ತದೆ:
ಎಡ ಮೊಣಕೈ ಹತ್ತಿರ,
ಬೇರೆ ನೀಲಿ.