ಲೆಕ್ಕಕ್ಕೆ ಹನ್ನೊಂದು

ನನ್ನ ಲೆಕ್ಕದಲ್ಲಿ ಹನ್ನೊಂದು.
ಮನೆಯವರ ಲೆಕ್ಕದಲ್ಲಿ ಹದಿನಾಲ್ಕು:
ನಾಲ್ಕು ಮೌತ್ ಆರ್ಗನ್ನುಗಳನ್ನು ಅವರು ನಾಲ್ಕೆಂದೇ ಎಣಿಸುತ್ತಾರೆ,
ನಾನು ಒಂದೆಂದು.
ಒಂದೇ ಬಿಸ್ಕತ್ತಿನ ಡಬ್ಬದಲ್ಲಿ ಮೈಗೆ ಮೈ ಹಚ್ಚಿ ಮಲಗುವವು,
ಒಂದೇ ಸೂಲಿನ ಮರಿಗಳಲ್ಲವೇ?

ಮೂರ್ನಾಡಿನ ದನದಾಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ.
ಹಂದಿಗೆ ಸೂಜಿ, ಹಸುವಿಗೆ ಗೊಟ್ಟ,
ತೋಟ ಕಾಯುವ ನಾಯಿಗಳಿಗೆ ಹೊಲಿಗೆ.
ಹೋದ ಮನೆಯಲ್ಲೆಲ್ಲ ನನ್ನ ಕಣ್ಣು ಮೊದಲು ಅಟ್ಟಕ್ಕೆ.
"ಅದೇನು ಅಲ್ಲಿ, ಗೋಣಿಯೊಳಗೆ?"

ಹಾರ್ಮೋನಿಯಂ ಸಿದ್ದಾಪುರದ ಫೆಲಿಕ್ಸ್ ಮಾಸ್ಟರದು.
ಇಗರ್ಜಿಗೆ ಕೀಬೋರ್ಡು ಬಂದ ವರ್ಷ
ಇದು ಕೋಳಿಗೂಡಿನ ಮೇಲೆ ಹೋಗಿ ಕೂತಿತ್ತು.
ಮೇಲಿನ ಗಾಂಧಾರ ಸ್ವರ ಕೊಡುವುದಿಲ್ಲ,
ಉಸಿರು ಬಿಡುತ್ತದೆ, ಕೆಮ್ಮು ಹಿಡಿದ ಆಡಿನಂತೆ.

ಮ್ಯಾಂಡೋಲಿನ್ನು ವಿರಾಜಪೇಟೆಯ ಮೊಯ್ದುವಿನ ಗುಜರಿಯದು.
ತೂಕಕ್ಕೆ ಹಾಕಿಯೇ ಕೊಟ್ಟ; ಕಿಲೋಗೆ ಚೂರು ಕಮ್ಮಿ.
ಎಂಟು ತಂತಿ ಇರಬೇಕಾದಲ್ಲಿ ಐದು,
ಅದರಲ್ಲೊಂದು ನನ್ನ ಹಳೇ ಸ್ಕೂಟರಿನ ಕ್ಲಚ್ ವೈರಿನ ಎಳೆ.

ಹವಾಲ್ದಾರ್ ಮಂದಪ್ಪನವರ ಬ್ಯಾಗ್‌ಪೈಪಿಗೆ
ಪೈಪುಂಟು, ಬ್ಯಾಗಿಲ್ಲ.
ಪಟಾಲಮ್ಮನ್ನೇ ನಿದ್ದೆಯಿಂದ ಎಬ್ಬಿಸುತ್ತಿದ್ದ ಸದ್ದು
ಇಲಿಯ ಹೊಟ್ಟೆ ಸೇರಿದೆ.

ಕುಶಾಲನಗರದಲ್ಲಿ ಸ್ವೆಟರ್ ಮಾರುವ ದೋಲ್ಮಾ
ಆರು ತಂತಿಯದೊಂದನ್ನು ಉಣ್ಣೆಯ ಅಡಿಯಿಂದ ತೆಗೆದಳು.
"ತಾತ ಬೆನ್ನ ಮೇಲೆ ಹೊತ್ತು ತಂದದ್ದು."
ಬೆಲೆ ಕೇಳಲು ಬಾಯಿ ಬರಲಿಲ್ಲ.
ಸಾಲ ತಂದಿದ್ದೇನೆ, ಎಂದುಕೊಂಡಿದ್ದೇನೆ.
ಒಂಬತ್ತು ವರ್ಷವಾಯಿತು.

ಇನ್ನು ದುಡಿ. ಕರು ಅಡ್ಡ ಬಂದ ರಾತ್ರಿಯದು.
ಬೆಳಗಿನ ಜಾವ ಮೂರಕ್ಕೆ, ಮೊಣಕೈವರೆಗೂ ನೆತ್ತರು,
ಕರು ಸೀನಿತು.
"ಏನು ಬೇಕೋ ಕೇಳಿ" ಎಂದರು.
ಕೇಳಿದೆ.

ನುಡಿಸಲು ಬರುತ್ತದೆಯೇ? ಎನ್ನುತ್ತಾರೆ ಬಂದವರು.
ಇಲ್ಲ. ಮಾತಾಡಿಸುತ್ತೇನೆ, ಅಷ್ಟೆ,
ಹಾದು ಹೋಗುವಾಗ ಹಸುವಿನ ಹಣೆ ತುರಿಸಿದ ಹಾಗೆ.
ಅನ್ನ ಬೇಯುವಷ್ಟು ಹೊತ್ತು,
ಹೋದ ಕರೆಂಟು ಬರುವಷ್ಟು ಹೊತ್ತು.
ಮ್ಯಾಂಡೋಲಿನ್ನಿನಲ್ಲಿ ನನಗೆ ಬರುವುದು ಒಂದೂವರೆ ಹಾಡು.
ಎಲ್ಲರಿಗೂ ಇಷ್ಟ ಆ ಅರ್ಧ.

ಈ ಜನವರಿಯ ಒಂದು ಸಂಜೆ,
ಕಾಫಿ ಕೊಯ್ಯುವವರ ಜೀಪುಗಳೆಲ್ಲ ಹೋದ ಮೇಲೆ,
ಮಂಜಿಗೆ ಸಡಿಲಾದ ದುಡಿಯ ಚರ್ಮವನ್ನು
ಗ್ಯಾಸ್ ಒಲೆಗೆ ಹಿಡಿದು ಕಾಯಿಸಿ
(ಪಕ್ಕದ ಉರಿಯಲ್ಲಿ ಅಕ್ಕಿರೊಟ್ಟಿ)
ಸುಮ್ಮನೆ ಬಡಿದೆ. ಕೈಗೆ ಬಂದದ್ದು ಏನೋ ಒಂದು.

ಐದೇ ನಿಮಿಷ. ಟಾರ್ಚು ಹಿಡಿದು,
ಚಪ್ಪಲಿ ಅದಲುಬದಲು ಮೆಟ್ಟಿ
ಕೆಳಮನೆಯ ಬೆಳ್ಯಪ್ಪಜ್ಜ ಬಾಗಿಲಲ್ಲಿ:
"ಯಾರು ಹೋದದ್ದು?"

ಯಾರೂ ಇಲ್ಲ ಅಜ್ಜ. ರೊಟ್ಟಿ ಬೇಯುತ್ತಿತ್ತು, ಅದಕ್ಕೇ...

ಕೂತರು. ದುಡಿಯ ನಡುವನ್ನೊಮ್ಮೆ ಹಿಂಡಿ ನೋಡಿ
ಕೆಳಗಿಟ್ಟರು.
"ನಾವು ನಾಲ್ವರು ಹಾಡುತ್ತಿದ್ದದ್ದು.
ಮೂವರನ್ನೂ ಹಾಡಿಯೇ ಕಳಿಸಿದೆ.
ಇನ್ನು ನಾಲ್ಕನೆಯವನ ಪಾಳಿ..."
ಮನೆಯವರು ರೊಟ್ಟಿ ಮಗುಚಿದರು.
ಅದು ಆಗಲೇ ಸೀದಿತ್ತು.

ಬಿಸ್ಕತ್ತಿನ ಡಬ್ಬವನ್ನು ಅವರೇ ತೆರೆದರು.
ಎಲ್ಲಕ್ಕಿಂತ ಸಣ್ಣದನ್ನು ಆರಿಸಿ,
ಅಂಗೈಗೆ ಎರಡು ಸಲ ಕುಟ್ಟಿ, ಶಾಲಿಗೆ ಒರೆಸಿ, ಊದಿದರು.
ಯಾವುದೋ ಹಳೇ ಪಿಕ್ಚರಿನ ಸಾಲು.
ಎಂಬತ್ತೊಂದರ ಉಸಿರು ನಡುವೆ ಎಡವಿತು,
ಹಿಂದೆ ಹೋಗಿ ಮತ್ತೆ ಹಿಡಿಯಿತು.
ಮೂಲೆಯ ಮ್ಯಾಂಡೋಲಿನ್ನು
ಯಾರೂ ಮುಟ್ಟದೆ ಸಣ್ಣಗೆ ಗುಂಯ್ ಎಂದಿತು,
ಕ್ಲಚ್ ವೈರೂ ಸೇರಿ.

ಹೊರಡುವಾಗ ಅದು ಅವರ ಜೇಬಿನಲ್ಲಿತ್ತು.
ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ.
ಚಪ್ಪಲಿ ಮಾತ್ರ ಸರಿಮಾಡಿ ಕೊಟ್ಟೆ.

ಈಗ ದಿನಾ ಸಂಜೆ ಕೆಳಮನೆಯಿಂದ
ಅದೇ ಸಾಲು, ಅದೇ ಜಾಗದಲ್ಲಿ ತಪ್ಪು.
ಮನೆಯವರ ಲೆಕ್ಕ ಹದಿಮೂರಕ್ಕೆ ಇಳಿದಿದೆ.
ನನ್ನದು ಹನ್ನೊಂದೇ.